ಅಜಂತೆಯ ಚಿತ್ರವೂ ಕಲಾ ಇತಿಹಾಸಕಾರನ ಕಾರ್ಯವೂ

ಅಜಂತೆಯ ಒಂದನೆಯ ಗುಹೆಯಲ್ಲಿ ಒಂದು ವರ್ಣಚಿತ್ರವುಂಟು. ಅರಸನೊಬ್ಬನು ಸಿಂಹಾಸನದ ಮೇಲೆ ಕುಳಿತಿರುವನು. ಗಡ್ಡ ಬಿಟ್ಟು, ಮೊನಚಾದ ಟೋಪಿ ಧರಿಸಿದ ಪರದೇಶೀಯರು ಅವನಿಗೆ ಕಾಣಿಕೆಗಳನ್ನು ತಂದಿರುವರು. ನಮ್ಮ ಇಮ್ಮಡಿ ಪುಲಕೇಶಿಯು ಪಾರಸಿಕ ರಾಯಭಾರಿಯನ್ನು ಬರಮಾಡಿಕೊಂಡ ಪ್ರಸಂಗವೇ ಇದೆಂದು ನಮ್ಮಲ್ಲಿ ಅನೇಕರು ಕೇಳಿರುವೆವು. ತಾಯ್ನಾಡಿನಿಂದ ದೂರವಿದ್ದು ಕನ್ನಡ ಕಲಿಯುವ ನಮಗೆ ಈ ಮಾತು ಹೆಮ್ಮೆ ತರುವುದು ಸಹಜ. ಆದರೆ ಅದು ಸತ್ಯವೇ? ಇಂತಹ ಪ್ರಶ್ನೆಗಳನ್ನು ಕೇಳುವುದನ್ನೇ ಬಾಳಿನ ಉದ್ಯೋಗವಾಗಿ ಮಾಡಿಕೊಂಡವನು ಕಲಾ ಇತಿಹಾಸಕಾರ.

ಪುಲಕೇಶಿಯ ಊಹೆಯನ್ನು 1879ರಲ್ಲಿ ಮುಂದಿಟ್ಟವರು ಜೇಮ್ಸ್ ಫರ್ಗ್ಯುಸನ್. ಬಹುಕಾಲ ಅದು ಪಠ್ಯಪುಸ್ತಕಗಳಲ್ಲಿ ನೆಲೆನಿಂತಿತು. ಅದನ್ನು ಒಪ್ಪದವರಲ್ಲಿ ಪ್ರಮುಖರು ಅಮೆರಿಕದ ವಾಲ್ಟರ್ ಸ್ಪಿಂಕ್. 1928ರಲ್ಲಿ ಜನಿಸಿದ ಇವರು ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಪುಸ್ತಕಗಳ ನಡುವೆ ಕುಳಿತು ತೃಪ್ತರಾಗದೆ ಅಜಂತೆಗೆ ಮರಳಿ ಮರಳಿ ಬಂದರು. 2005ರಿಂದ ಮೊದಲುಗೊಂಡು ಅವರ ಅಜಂತಾ ಗ್ರಂಥದ ಸಂಪುಟಗಳು ಪ್ರಕಟವಾದುವು. 2019ರಲ್ಲಿ ಅವರು ಕಾಲವಾದರು.

ಅವರ ಪರಿಶೀಲನೆಯ ರೀತಿ ವಿದ್ಯಾರ್ಥಿಗಳಾದ ನಮಗೆ ಮಾದರಿಯಾಗಿದೆ. ಎಲ್ಲರೂ ಚಿತ್ರಗಳ ಸೊಬಗನ್ನು ನೋಡುತ್ತಿದ್ದರೆ ಅವರು ಭಿಕ್ಷುಗಳ ಕೋಣೆಯ ಬಾಗಿಲುಗಳನ್ನೂ ನೋಡಿದರು. ಕದವು ತಿರುಗಲು ಕಲ್ಲಿನಲ್ಲಿ ಕೊರೆದ ಕುಳಿ ಸವೆದಿದ್ದರೆ ಅಲ್ಲಿ ಜನರು ವಾಸಿಸಿದ್ದರು. ಸವೆಯದಿದ್ದರೆ ಕೋಣೆಯನ್ನು ಹೆಚ್ಚು ಬಳಸಲಿಲ್ಲ. ಕದ ಕೂರಿಸುವ ಕ್ರಮವು ಕಾಲದಿಂದ ಕಾಲಕ್ಕೆ ಸುಧಾರಿಸಿದುದರಿಂದ ಯಾವ ಕೆಲಸ ಮೊದಲು, ಯಾವುದು ಅನಂತರ ಎಂಬುದೂ ತಿಳಿಯಿತು. ಒಂದನೆಯ ಗುಹೆಯ ಬುದ್ಧಮೂರ್ತಿಯ ಮೇಲೆ ದೀಪದ ಮಸಿ ಹಿಡಿದಿಲ್ಲ. ಆದುದರಿಂದ ಅಲ್ಲಿ ಪೂಜೆಯೇ ನಡೆಯಲಿಲ್ಲ, ಕೆಲಸವು ಅಕಸ್ಮಾತ್ತಾಗಿ ನಿಂತುಹೋಯಿತು ಎಂದು ಅವರು ತರ್ಕಿಸಿದರು.

ಹದಿನಾರನೆಯ ಗುಹೆಯ ಶಾಸನವು ವಾಕಾಟಕ ಅರಸು ಹರಿಷೇಣನ ಮಂತ್ರಿ ವರಾಹದೇವನದು. ಇಂತಹ ಆಧಾರಗಳನ್ನು ಕೂಡಿಸಿ, ಎರಡನೆಯ ಹಂತದ ಗುಹೆಗಳೆಲ್ಲವೂ ಸುಮಾರು 460ರಿಂದ 480ರವರೆಗಿನ ಅಲ್ಪ ಅವಧಿಯಲ್ಲಿ ಆದುವೆಂದು ಸ್ಪಿಂಕ್ ವಾದಿಸಿದರು. ಇಷ್ಟು ಕಿರಿದಾದ ಅವಧಿಯನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಆದರೆ ಐದನೆಯ ಶತಮಾನವೆಂಬುದನ್ನು ಇಂದು ಹೆಚ್ಚಿನವರು ಒಪ್ಪುವರು. ಪುಲಕೇಶಿಯು ಪಟ್ಟವೇರಿದುದು ಸುಮಾರು 610ರಲ್ಲಿ. ಅಂದಮೇಲೆ ಆ ಚಿತ್ರ ಅವನದಾಗಲಾರದು. ಅದು ಬೌದ್ಧ ಕಥೆಯ ಮಹಾಸುದರ್ಶನನೆಂಬ ರಾಜನದಿರಬೇಕೆಂದು ವಿದ್ವಾಂಸರು ಹೇಳುವರು.

ಇದರಿಂದ ನಮಗೆ ನಷ್ಟವಾಯಿತೇ? ಇಲ್ಲ. ಹರ್ಷನನ್ನು ತಡೆದ ಪುಲಕೇಶಿಯ ಕೀರ್ತಿಗೆ ಐಹೊಳೆಯಲ್ಲಿ ರವಿಕೀರ್ತಿಯ 634ರ ಶಾಸನವೇ ಸಾಕ್ಷಿ. ನಿಜವಾದ ಸಾಕ್ಷ್ಯವಿರುವಾಗ ಎರವಲು ಹೆಮ್ಮೆ ನಮಗೇಕೆ?

ಚಿತ್ರವನ್ನು ಅರಿಯುವುದು ಈ ವೃತ್ತಿಯ ಒಂದು ಮುಖ, ಉಳಿಸುವುದು ಇನ್ನೊಂದು. ರಾಬರ್ಟ್ ಗಿಲ್ ವರ್ಷಗಟ್ಟಲೆ ದುಡಿದು ಬರೆದ ಪ್ರತಿಕೃತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನಿನ ಬೆಂಕಿಯಲ್ಲಿ ಸುಟ್ಟುಹೋದುವು. ಮುಂಬಯಿಯ ಕಲಾಶಾಲೆಯ ಗ್ರಿಫಿತ್ಸ್ ಅವರೂ ಅವರ ಶಿಷ್ಯರೂ ಮತ್ತೆ ಬರೆದರು; 1885ರಲ್ಲಿ ಅವುಗಳಲ್ಲಿಯೂ ಅನೇಕವು ಬೆಂಕಿಗೆ ತುತ್ತಾದುವು. 1920ರ ಬಳಿಕ ನಿಜಾಮ ಸರಕಾರವು ಕರೆಸಿದ ಇಟಲಿಯ ತಜ್ಞರು ಕಳಚುತ್ತಿದ್ದ ಗಾರೆಯನ್ನು ಭದ್ರಪಡಿಸಿದರು. ಆದರೆ ರಕ್ಷಣೆಗೆಂದು ಬಳಿದ ಅರಗಿನ ಲೇಪವು ಕಾಲಕ್ರಮದಲ್ಲಿ ಹಳದಿಗಟ್ಟಿ ಬಣ್ಣಗಳನ್ನು ಮರೆಮಾಡಿತು. ಮುಂದಿನ ತಜ್ಞರು ಅದನ್ನು ಬಹು ಎಚ್ಚರದಿಂದ ತೆಗೆಯಬೇಕಾಯಿತು. ಸದುದ್ದೇಶವೊಂದೇ ಸಾಲದು, ವಸ್ತುವಿನ ಗುಣವೂ ತಿಳಿದಿರಬೇಕು ಎಂಬ ಪಾಠವನ್ನು ಇದು ಕಲಿಸುವುದು. ಆದುದರಿಂದಲೇ ಈ ಕ್ಷೇತ್ರದಲ್ಲಿ ಸಂಸ್ಕೃತ, ಪ್ರಾಕೃತಗಳನ್ನು ಬಲ್ಲವನಿಗೂ ರಸಾಯನಶಾಸ್ತ್ರವನ್ನು ಬಲ್ಲವನಿಗೂ ಸ್ಥಾನವುಂಟು.

ನಮ್ಮಲ್ಲಿ ಯಾರಾದರೂ ಮುಂದೆ ಈ ಮಾರ್ಗವನ್ನು ಹಿಡಿಯಬಹುದು. ಹಿಡಿಯದವರಿಗೂ ಒಂದು ಕರ್ತವ್ಯವುಂಟು. ಶಾಲೆಯ ಪ್ರವಾಸದಲ್ಲಿ ಯಾವ ಗುಹೆಯನ್ನೋ ಗುಡಿಯನ್ನೋ ಕಂಡಾಗ ಗೋಡೆಯನ್ನು ಮುಟ್ಟದಿರೋಣ, ಹೆಸರು ಕೆತ್ತದಿರೋಣ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಾಗಿಲ ಕುಳಿಯನ್ನೂ ನೋಡೋಣ. ನಮ್ಮ ಕಣ್ಣಿಗೆ ಬೀಳುವುದು ಇನ್ನೂ ಯಾರೂ ಗಮನಿಸದ ಸಾಕ್ಷ್ಯವಾಗಿರಬಹುದು.