ಕನ್ನಡ ಅಡಿಬರಹವುಳ್ಳ ವಿಡಿಯೊಗಳನ್ನು ಮೊಬೈಲ್ ಹಾಗೂ ಟ್ಯಾಬ್‌ಗಳಿಗೆ ಸಿದ್ಧಪಡಿಸುವ ಕ್ರಮ

ಹೋಳಿ ಹುಣ್ಣಿಮೆಯ ನಂತರ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಜಾತ್ರೆಗೆ ಕಮಲಾಪುರ ಮೊದಲಾದೆಡೆಗಳಿಂದ ಭಕ್ತರು ಅಪಾರ ಸಂಖ್ಯೆಯಲ್ಲಿ ಸೇರುತ್ತಾರೆ. ಅಂತಹ ಜನಸಂದಣಿಯಲ್ಲಿ ಕುಡಿಯುವ ನೀರು, ನೈರ್ಮಲ್ಯ ಕುರಿತ ವಿಡಿಯೊದ ಧ್ವನಿ ಕೇಳಿಸದು; ಶ್ರವಣದೋಷವುಳ್ಳವರಿಗಂತೂ ಅಡಿಬರಹವೇ ಆಧಾರ. ವಿದ್ಯುನ್ಮಾನ ಮಾಹಿತಿಯು ವಿಕಲಚೇತನರಿಗೂ ಎಟಕುವಂತಿರಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೇ ಪ್ರಕರಣದ ಆಶಯ.

ಅಡಿಬರಹವು ಸಾಮಾನ್ಯವಾಗಿ ಎಸ್‌ಆರ್‌ಟಿ ಎಂಬ ಪ್ರತ್ಯೇಕ ಪಠ್ಯ ಕಡತದಲ್ಲಿರುತ್ತದೆ. ವಿಡಿಯೊವನ್ನು ಮಾತ್ರ ಕಳುಹಿಸಿದರೆ ಅಡಿಬರಹ ಉಳಿದುಹೋಗುತ್ತದೆ. ಎರಡನ್ನೂ ಕಳುಹಿಸಿದರೂ ಕೆಲವು ಸಾಧನಗಳಲ್ಲಿ ಒತ್ತಕ್ಷರಗಳು ಬೇರ್ಪಟ್ಟು ಅಥವಾ ಖಾಲಿ ಚೌಕಗಳಾಗಿ ಕಾಣುತ್ತವೆ. ಆದುದರಿಂದ ಅಕ್ಷರಗಳನ್ನು ಚಿತ್ರದಲ್ಲಿಯೇ ಅಚ್ಚೊತ್ತುವುದು ಸೂಕ್ತ.

1. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8 ರೂಪದಲ್ಲಿ ಉಳಿಸತಕ್ಕದ್ದು.
2. ಉಚಿತ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ತೆರೆದು, ಎಸ್‌ಆರ್‌ಟಿ ಕಡತ ಸೇರಿಸಿ, 'ಬರ್ನ್ ಇನ್' ಆಯ್ಕೆ ಮಾಡತಕ್ಕದ್ದು.
3. ಎಂಪಿ4 ರೂಪ, ಎಚ್.264 ಚಿತ್ರ, ಎಎಸಿ ಧ್ವನಿ ಆಯ್ದುಕೊಳ್ಳುವುದು. ಸಣ್ಣ ಪರದೆಗೆ 480 ಸಾಲುಗಳ ಸ್ಪಷ್ಟತೆ ಸಾಕು.
4. ಫ್ಯಾಟ್32 ಮಾದರಿಯ ಮೆಮೊರಿ ಕಾರ್ಡಿನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು.

ಅಚ್ಚೊತ್ತಿದ ಅಕ್ಷರಗಳನ್ನು ಮತ್ತೆ ತೆಗೆಯಲಾಗದು. ಮೂಲ ಕಡತಗಳೆರಡನ್ನೂ ಕಾಯ್ದಿರಿಸತಕ್ಕದ್ದು. ವಿತರಿಸುವ ಮುನ್ನ ಧ್ವನಿಯನ್ನು ಪೂರ್ಣ ನಿಲ್ಲಿಸಿ ಒಮ್ಮೆ ನೋಡುವುದು. ಹಾಗೆ ನೋಡಿದಾಗಲೂ ವಿಷಯ ತಿಳಿದರೆ ಮಾತ್ರ ವಿಡಿಯೊ ಸಿದ್ಧವಾಯಿತೆಂದು ಭಾವಿಸತಕ್ಕದ್ದು.