ವಾಸಾ: 333 ವರ್ಷ ನೀರಿನಡಿ ಇದ್ದ ರಾಜನೌಕೆ

ಸ್ವೀಡನ್ ದೊರೆ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ 64 ಫಿರಂಗಿಗಳ ಯುದ್ಧನೌಕೆ ವಾಸಾ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಮೊದಲ ಯಾನಕ್ಕೆ ಹೊರಟು, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಮುಳುಗಿತು.

ಕಾರಣವನ್ನು ಸರಿಯಾಗಿ ಗ್ರಹಿಸಿ. ಶತ್ರುದಾಳಿಯಲ್ಲ, ಬಿರುಗಾಳಿಯೂ ಅಲ್ಲ. ಎರಡು ಅಂತಸ್ತುಗಳ ಫಿರಂಗಿಗಳಿದ್ದ ನೌಕೆಯ ಮೇಲ್ಭಾಗ ವಿಪರೀತ ಭಾರವಾಗಿತ್ತು. ಗಾಳಿಗೆ ವಾಲಿದೊಡನೆ ತೆರೆದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಮೊದಲೇ ನಾವಿಕರನ್ನು ಅತ್ತಿಂದಿತ್ತ ಓಡಿಸಿ ನಡೆಸಿದ ಪರೀಕ್ಷೆಯಲ್ಲೇ ಅದು ಅಪಾಯಕಾರಿಯಾಗಿ ತೂಗಾಡಿತ್ತು. ಆದರೂ ಹೊರಡಿಸಿದರು, ಸುಮಾರು 30 ಜೀವಗಳು ಹೋದವು. ವಿಚಾರಣೆ ನಡೆದರೂ ಯಾರಿಗೂ ಶಿಕ್ಷೆಯಾಗಲಿಲ್ಲ ಎಂಬುದು ನೋವಿನ ಸಂಗತಿ.

1660ರ ದಶಕದಲ್ಲಿ ಮುಳುಗುಗಂಟೆಯ (ನೀರಿನಡಿ ಇಳಿಯಲು ಬಳಸುವ ಗಂಟೆಯಾಕಾರದ ಸಾಧನ) ನೆರವಿನಿಂದ ಬಹುಪಾಲು ಫಿರಂಗಿಗಳನ್ನು ಎತ್ತಲಾಯಿತು. ನೌಕೆಯನ್ನು ಆಂಡರ್ಸ್ ಫ್ರಾನ್‌ಜೆನ್ 1956ರಲ್ಲಿ ಪತ್ತೆಹಚ್ಚಿದರು. 1961ರ ಏಪ್ರಿಲ್ 24ರಂದು ಅದು ನೀರಿನಿಂದ ಮೇಲೆದ್ದಿತು.

ಮರ ಉಳಿದದ್ದು ಹೇಗೆ? ಬಾಲ್ಟಿಕ್ ಸಮುದ್ರದಲ್ಲಿ ಉಪ್ಪಿನಂಶ ಕಡಿಮೆ. ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕದು. ಮೇಲೆತ್ತಿದ ಬಳಿಕ ಮರ ಒಣಗಿ ಬಿರಿಯದಂತೆ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಸಿಂಪಡಿಸಿದರು. 1990ರಲ್ಲಿ ವಾಸಾ ವಸ್ತುಸಂಗ್ರಹಾಲಯ ತೆರೆಯಿತು.

ಗೊಂದಲ ಬೇಡ: 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಇಂಗ್ಲೆಂಡ್ ದೊರೆ ಎಂಟನೇ ಹೆನ್ರಿಯ ನೌಕೆ.