ಐದನೆಯ ತಿಂಗಳ ಸ್ಕ್ಯಾನಿಂಗು: ಕೇಳಬೇಕಾದುದು, ಕೇಳಬಾರದುದು

ಪ್ರಶ್ನೆ: ಮಾನ್ಯ ಡಾಕ್ಟರವರೆ, ನನಗೆ ಇಪ್ಪತ್ತಾರು ವರ್ಷ, ಚೊಚ್ಚಲ ಬಸುರಿ. ಮಾವನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಇಪ್ಪತ್ತನೆಯ ವಾರದಲ್ಲಿ ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಅತ್ತೆಯವರು "ಮಗು ಯಾವುದು ಡಾಕ್ಟ್ರೇ?" ಎಂದದ್ದಕ್ಕೆ ಅಲ್ಲಿಯ ವೈದ್ಯರು ಗೋಡೆಯ ಫಲಕ ತೋರಿಸಿ ಸುಮ್ಮನಾದರು. ಅಮೆರಿಕದಲ್ಲಿರುವ ನನ್ನ ವಾರಗಿತ್ತಿಗೆ ಇದೇ ಸ್ಕ್ಯಾನಿಂಗಿನಲ್ಲಿ ಹೆಣ್ಣೆಂದು ಹೇಳಿದರಂತೆ; ಗುಲಾಬಿ ಬಣ್ಣದ ಕೇಕು ಕತ್ತರಿಸಿದ ಫೋಟೋ ಕಳಿಸಿದ್ದಾರೆ. ನಮಗೆ ಯಾವುದಾದರೂ ಸಂತೋಷವೇ, ಆದರೂ ಹೇಳಬಾರದೆ? ಪದೇ ಪದೇ ಸ್ಕ್ಯಾನಿಂಗಿನಿಂದ ಮಗುವಿಗೆ ತೊಂದರೆಯೆ? ವರದಿಯಲ್ಲಿ ಮಾಸು ಕೆಳಗಿದೆ ಎಂದೂ ಬರೆದಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಕಟ್ಟಕಡೆಗೆ ಬಂದಿರುವ ಮಾಸಿನ ವಿಷಯವೇ ವೈದ್ಯನ ಕಣ್ಣಿಗೆ ಮೊದಲು ಬೀಳತಕ್ಕುದಾದುದರಿಂದ ಅದನ್ನೇ ಮೊದಲು ಹೇಳುವೆನು. ಇಪ್ಪತ್ತನೆಯ ವಾರದಲ್ಲಿ ಮಾಸು ಗರ್ಭಕೋಶದ ಕೆಳಗಡೆ ಕಾಣುವುದು ಅಪರೂಪವಲ್ಲ. ತಿಂಗಳು ತುಂಬುತ್ತ ಬಂದಂತೆ ಗರ್ಭಕೋಶದ ಆ ಕೆಳಭಾಗವು ಹಿಗ್ಗಿ ಬೆಳೆಯುವುದರಿಂದ, ಮಾಸಿಗೂ ಗರ್ಭದ್ವಾರಕ್ಕೂ ನಡುವಣ ಅಂತರವು ತಾನಾಗಿಯೇ ಹೆಚ್ಚಿ, ಬಹುಮಂದಿಯಲ್ಲಿ ಆತಂಕಕ್ಕೆ ಕಾರಣವೇ ಉಳಿಯುವುದಿಲ್ಲ. ಮೂವತ್ತೆರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ ನೋಡಿಸಿರಿ. ಅಷ್ಟರೊಳಗೆ, ನೋವಿರಲಿ ಇಲ್ಲದಿರಲಿ, ಹನಿ ರಕ್ತ ಕಂಡರೂ ಕಷಾಯ ಕಾಯಿಸುತ್ತ ಕೂರದೆ, ಭದ್ರಾವತಿಯ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಒಡನೆಯೇ ಹೋಗತಕ್ಕದ್ದು. ಮಾಸು ದ್ವಾರವನ್ನೇ ಮುಚ್ಚಿದೆಯೆಂದು ವರದಿಯಲ್ಲಿದ್ದರೆ ದಾಂಪತ್ಯದ ಕೂಟವೂ ಸದ್ಯಕ್ಕೆ ಬೇಡ.

ಸ್ಕ್ಯಾನಿಂಗಿನ ಭಯಕ್ಕೆ ಸಮಾಧಾನವನ್ನು ಪ್ರಾಯಶಃ ನಿಮ್ಮ ಮಾವನವರೇ ಹೇಳಬಲ್ಲರು. ಲೋಹವನ್ನು ಕತ್ತರಿಸದೆಯೇ ಅದರ ಒಡಲೊಳಗಿನ ಬಿರುಕನ್ನು ಶಬ್ದತರಂಗಗಳ ಪ್ರತಿಧ್ವನಿಯಿಂದ ಪತ್ತೆಹಚ್ಚುವ ವಿದ್ಯೆಯೇ ಈ ಪರೀಕ್ಷೆಯ ಮಾತೃಕೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಎಂಬುವರು, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗೆಡ್ಡೆಗಳನ್ನು 1955ರಲ್ಲಿ ಬಾಯ್ಲರು ತಯಾರಿಸುವ ಕಾರ್ಖಾನೆಯೊಂದಕ್ಕೆ ಒಯ್ದು, ಅಲ್ಲಿ ಲೋಹಪರೀಕ್ಷೆಗೆ ಇಟ್ಟಿದ್ದ ಯಂತ್ರದ ಮುಂದೆ ಹಿಡಿದು ನೋಡಿ, ಮೂರು ವರ್ಷಗಳ ತರುವಾಯ ಸಹೋದ್ಯೋಗಿಗಳೊಡನೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಬ್ಬಿಣದ ಊರಿನವರು ಅಭಿಮಾನಪಡಬಹುದಾದ ವಂಶಾವಳಿ! ಇಲ್ಲಿ ಎಕ್ಸ್-ರೇಯ ವಿಕಿರಣವಿಲ್ಲ. ಇರುವುದು ಮನುಷ್ಯನ ಕಿವಿಗೆ ನಿಲುಕದ ಶಬ್ದ ಮಾತ್ರ. ವೈದ್ಯರು ಬೇಕೆಂದಾಗ ಮಾಡಿಸುವುದರಿಂದ ಮಗುವಿಗೆ ಹಾನಿಯಾದುದು ಸಿದ್ಧವಾಗಿಲ್ಲ. ಹಾಗೆಂದು ಮುಖ ನೋಡುವ ಆಸೆಗಾಗಿ ಮೇಲಿಂದ ಮೇಲೆ ಮಾಡಿಸುವುದೂ ಸಲ್ಲದು.

ಇನ್ನು ಅತ್ತೆಯವರ ಪ್ರಶ್ನೆ. ಹದಿನೆಂಟರಿಂದ ಇಪ್ಪತ್ತನೆಯ ವಾರದೊಳಗೆ ಮಾಡುವ ಈ ಅನಾಮಲಿ ಸ್ಕ್ಯಾನಿಂಗಿನಲ್ಲಿ, ಅಡಿಯಿಂದ ಮುಡಿಯವರೆಗೆ ಸುಮಾರು 25 ಸೆಂಟಿಮೀಟರು ಉದ್ದವೂ 300 ಗ್ರಾಂ ಆಸುಪಾಸಿನ ತೂಕವೂ ಇರುವ ಆ ಶಿಶುವಿನ ತಲೆಬುರುಡೆ ಸರಿಯಾಗಿ ಕೂಡಿದೆಯೆ, ಮೆದುಳಿನೊಳಗೆ ನೀರು ಹೆಚ್ಚಾಗಿ ತುಂಬಿಲ್ಲವಷ್ಟೆ, ಮೇಲ್ದುಟಿ ಸೀಳಿಲ್ಲವಷ್ಟೆ, ಬೆನ್ನೆಲುಬು ಕೊನೆಯವರೆಗೂ ಮುಚ್ಚಿಕೊಂಡಿದೆಯೆ, ಹೃದಯದ ನಾಲ್ಕು ಕೋಣೆಗಳೂ ಅಲ್ಲಿಂದ ಹೊರಡುವ ರಕ್ತನಾಳಗಳೂ ಕ್ರಮದಲ್ಲಿವೆಯೆ, ಮೂತ್ರಪಿಂಡಗಳೆರಡೂ ಇವೆಯೆ ಎಂಬುದನ್ನೆಲ್ಲ ವೈದ್ಯನು ಒಂದೊಂದಾಗಿ ಅಳೆದು ನೋಡುತ್ತಿರುವಾಗ, ಮಂಚದ ಪಕ್ಕದಿಂದ ಬರುವ ಏಕೈಕ ಪ್ರಶ್ನೆ "ಗಂಡೋ ಹೆಣ್ಣೋ" ಎಂಬುದಾದರೆ, ಅವನಿಗೆ ಬೇಸರವಾಗುವುದು ಕಾನೂನಿನ ಭಯದಿಂದಷ್ಟೇ ಅಲ್ಲ. ಹೃದಯ ಸರಿಯಿದೆಯೆ ಎಂದು ಕೇಳುವ ಅಜ್ಜಿಯರನ್ನು ನಾನು ಕಂಡದ್ದು ಕಡಮೆ. ಎಲ್ಲ ದೋಷಗಳೂ ಈ ಪರೀಕ್ಷೆಗೆ ಸಿಕ್ಕುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ.

ಅಮೆರಿಕದ ವೈದ್ಯರು ಹೇಳಿದುದು ಅಲ್ಲಿ ತಪ್ಪಲ್ಲ. ನಮ್ಮ ದೇಶದ ಕಥೆ ಬೇರೆ. ಭ್ರೂಣದ ದೋಷಗಳನ್ನರಿಯಲೆಂದು 1970ರ ದಶಕದಲ್ಲಿ ಇಲ್ಲಿಗೆ ಬಂದ ಗರ್ಭಜಲ ಪರೀಕ್ಷೆಯು ಬಹುಬೇಗನೆ ಹೆಣ್ಣುಭ್ರೂಣಗಳ ಬೇಟೆಗೆ ಬಳಕೆಯಾಗಿ, 1988ರಲ್ಲಿ ಮಹಾರಾಷ್ಟ್ರವೂ 1994ರಲ್ಲಿ ಸಂಸತ್ತೂ ಅದನ್ನು ತಡೆಯುವ ಕಾಯಿದೆ ಮಾಡಬೇಕಾಯಿತು. ಆದಾಗ್ಯೂ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರಲ್ಲಿ 927ಕ್ಕೆ ಇಳಿದರು. 2003ರಲ್ಲಿ ಕಾಯಿದೆ ಇನ್ನಷ್ಟು ಬಿಗಿಯಾಯಿತು. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರಾವ ವಿಧದಿಂದಾಗಲಿ ಮಗುವಿನ ಲಿಂಗವನ್ನು ತಿಳಿಸಕೂಡದೆಂದು ಅದರ ವಿಧಿ. ಕೇಳಿದವರ ಮನಸ್ಸು ನಿಮ್ಮದರಂತೆ ನಿರ್ಮಲವೋ ಅಲ್ಲವೋ ಎಂಬುದು ಯಾವ ತರಂಗಕ್ಕೂ ಕಾಣುವುದಿಲ್ಲವಾದ ಕಾರಣ ನಿಷೇಧವು ಎಲ್ಲರಿಗೂ ಒಂದೇ; ಇದು ಸರಿಯೆಂದೇ ನನ್ನ ಅಭಿಪ್ರಾಯ. ಅಂದಹಾಗೆ, ಸ್ಕ್ಯಾನಿಂಗಿಗೆ ಮೊದಲು 'ಎಫ್' ನಮೂನೆಯಲ್ಲಿ ಮಗುವಿನ ಲಿಂಗ ತಿಳಿಯುವ ಇಚ್ಛೆಯಿಲ್ಲವೆಂದು ನೀವೇ ರುಜು ಹಾಕಿರುವಿರಿ. ಓದದೆ ಹಾಕಿದ್ದರೆ ಮುಂದಿನ ಸಲ ಓದಿರಿ.

ಪ್ರಶ್ನೆ: ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಎರಡು ಹೆಣ್ಣುಮಕ್ಕಳಿದ್ದಾರೆ, ಹೆಂಡತಿಗೆ ಈಗ ನಾಲ್ಕು ತಿಂಗಳು. ಬೇರೆ ಜಿಲ್ಲೆಯಲ್ಲಿ ದುಡ್ಡು ಕೊಟ್ಟರೆ ನೋಡಿ ಹೇಳುತ್ತಾರೆಂದು ನೆಂಟರೊಬ್ಬರು ಹೇಳಿದ್ದಾರೆ. ಅಮ್ಮ ಹಠ ಹಿಡಿದಿದ್ದಾರೆ, ಹೆಂಡತಿಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಹೋಗಬೇಡಿರಿ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಜಾಲವನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು: ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಬೆಲ್ಲ ಬೇಯುವ ಜಾಗದಲ್ಲಿ, ಗರ್ಭಿಣಿಯರಿಗೆ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬ ಆ ಪ್ರಕರಣದಲ್ಲಿ ವೈದ್ಯರೂ ಬಂಧಿತರಾದರು. ಅಂಥ ಕಡೆ ಯಂತ್ರ ಹಿಡಿದವನ ಓದು ಯಾವುದು, ಅವನು ಹೇಳಿದುದು ನಿಜವೆ ಎಂದು ಕೇಳುವವರಾರು? ಅದರ ಬೆನ್ನಿಗೇ ಕದ್ದು ನಡೆಯುವ ಗರ್ಭಪಾತದಲ್ಲಿ ರಕ್ತಸ್ರಾವದಿಂದಲೂ ನಂಜಿನಿಂದಲೂ ಪ್ರಾಣಕ್ಕೆ ಎರವಾಗುವವಳು ನಿಮ್ಮ ಹೆಂಡತಿ. ಗರ್ಭಪಾತಕ್ಕೆ ಕಾನೂನು ಒಪ್ಪುವ ಕಾರಣಗಳಲ್ಲಿ ಹೆಣ್ಣಾಗಿರುವುದು ಸೇರಿಲ್ಲ.

ಲಿಂಗಪತ್ತೆಯನ್ನು ಬಯಸಿದ ಗಂಡನಿಗೂ ನೆಂಟರಿಗೂ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳವರೆಗೆ ದಂಡ, ಜಾಮೀನಿಲ್ಲದ ಅಪರಾಧವಿದು. ಗರ್ಭಿಣಿಯನ್ನಾದರೋ, ಬೇರೆಯಾಗಿ ರುಜುವಾತಾಗುವ ಪರ್ಯಂತರ, ಗಂಡನೋ ಬಂಧುಗಳೋ ಬಲವಂತಪಡಿಸಿದರೆಂದೇ ಕಾನೂನು ಭಾವಿಸುತ್ತದೆ. ಅಂದರೆ ಮನಸ್ಸಿಲ್ಲವೆನ್ನುತ್ತಿರುವ ನಿಮ್ಮ ಹೆಂಡತಿಯ ಪಕ್ಷದಲ್ಲಿ ಅದು ಈಗಾಗಲೇ ನಿಂತಿದೆ. ನೀವೂ ಅಲ್ಲಿಗೇ ಹೋಗಿ ನಿಲ್ಲಬಹುದು. ತಾಯಿಯವರಿಗೆ ಇದನ್ನೂ ತಿಳಿಸಿರಿ: ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ, ಎಕ್ಸ್ ಅಥವಾ ವೈ ತರುವುದು ತಂದೆಯ ವೀರ್ಯಾಣು. ಎರಡು ಹೆಣ್ಣಾದುದಕ್ಕೆ ಸೊಸೆಯನ್ನು ಹಳಿಯುವವರು ಅರಿಯದೆ ಮಗನನ್ನೇ ಹಳಿಯುತ್ತಿರುತ್ತಾರೆ.

ಪ್ರಶ್ನೆ: ಮಗುವಿನ ಎದೆಬಡಿತ ನೂರೈವತ್ತಿದ್ದರೆ ಹೆಣ್ಣು ಎನ್ನುತ್ತಾರೆ, ಹೌದೆ?

ಉತ್ತರ: ಅಲ್ಲ. ನಿಮಿಷಕ್ಕೆ 110ರಿಂದ 160ರವರೆಗಿನ ಬಡಿತ ಗಂಡಿಗೂ ಹೆಣ್ಣಿಗೂ ಸಹಜ. ಮಗು ಮಿಸುಕಿದರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಹೊಟ್ಟೆಯ ಆಕಾರ, ಹುಳಿಯ ಬಯಕೆ ಇವಕ್ಕೂ ಇದೇ ಉತ್ತರ.